ಇಬ್ಬರು ರಾವಸಾಹೇಬರು, ಒಂದು ಪಾರ್ಸಲ್ಲು

ಅಕ್ಟೋಬರ್ 6, ಸೋಮವಾರ

ಕೇಳಿರಿ, ಕೇಳಿರಿ, ನೆರೆದ ಮಹಾಜನರೇ! ಮುಂದಿನ ಖುರ್ಚಿಯ ಗೌಡರೇ, ನಡುವಿನ ಜಮಖಾನೆಯ ತಾಯಂದಿರೇ, ಹಿಂದೆ ಟ್ರ್ಯಾಕ್ಟರಿನ ಮೇಲೆ ನಿಂತು ಶೀಟಿ ಹೊಡೆಯುವ ಶೂರರೇ! ಪರದೆ ಏಳುತ್ತಿದೆ. ಆದರೆ ಈ ಆಟದಲ್ಲಿ ನಿಮ್ಮ ರಾವಸಾಹೇಬನ ಗಂಟಲು ಕೇಳುವುದಿಲ್ಲ, ಬರೀ ಕೈಬರಹ ಕಾಣುತ್ತದೆ. ಕಾರಣವಿಷ್ಟೇ: ನಿಪ್ಪಾಣಿಯ ಗಂಟಲ ಡಾಕ್ಟರು ಮೊನ್ನೆ ನನ್ನ ಬಾಯೊಳಗೆ ಕನ್ನಡಿ ಇಳಿಸಿ ನೋಡಿ, ದನಿ ಹೊರಡುವ ಜಾಗದಲ್ಲಿ ಎರಡು ಸಣ್ಣ ಗಂಟು ಎದ್ದಿವೆ ಎಂದರು.

"ಒಂದ ತಿಂಗಳ ಜೋರಾಗಿ ಮಾತಾಡಬ್ಯಾಡ್ರಿ. ಮಾತಾಡಿದ್ರ ಮಗ್ಗಲದವ್ರಿಗಷ್ಟ ಕೇಳ್ಬೇಕು."

"ಮಗ್ಗಲದವ್ರಿಗಷ್ಟ ಹೇಳೂವಂಥಾ ಮಾತ ನನ್ನ ಹಂತ್ಯಾಕ ಇಲ್ರಿ," ಎಂದೆ.

ಹೆಂಡತಿ ಸೋನಾಬಾಯಿ ಡಾಕ್ಟರಿಗೆ ಕೈಮುಗಿದಳು. "ಭಾಳ ಉಪಕಾರ ಆತ್ರಿ. ಇನ್ನರ ನಮ್ಮ ಮನ್ಯಾಗ ಗಡಿಯಾರದ ಸಪ್ಪಳ ಕೇಳೀತು."

ಅದಕ್ಕೇ ಈ ವಹಿ. ಬಾಯಿ ಮುಚ್ಚಿದರೂ ಸಭೆ ಬಿಡಲಾರೆ. ನೀವೆಲ್ಲ ಈ ಗೆರೆಗಳ ನಡುವೆ ಕೂತಿದ್ದೀರಿ ಎಂದುಕೊಂಡು ಬರೆಯುತ್ತೇನೆ.

ಪಾತ್ರ ಪರಿಚಯ. ನಮ್ಮಪ್ಪ ನಾಟಕ ಕಂಪನಿಯಲ್ಲಿ ಪರದೆ ಎಳೆಯುತ್ತಿದ್ದ. ನಾನು ತೊಟ್ಟಿಲಲ್ಲಿ ಮಲಗಿದ್ದಕ್ಕಿಂತ ಬಣ್ಣದ ಪೆಟ್ಟಿಗೆಯ ಮೇಲೆ ಮಲಗಿದ್ದೇ ಹೆಚ್ಚು. ಮೀಸೆ ಚಿಗುರಿದ ಮೇಲೆ ರಾಜನ ಪಾರ್ಟು ಮಾಡಿದೆ. ನಾಟಕದ ಬೋರ್ಡುಗಳನ್ನೂ ನಾನೇ ಬರೆಯುತ್ತಿದ್ದೆ. ಹೊಟ್ಟೆಪಾಡಿಗೆ ಚಿಕ್ಕೋಡಿಯ ಊರಾಚೆ ಇರುವ ಸಕ್ಕರೆ ಕಾರ್ಖಾನೆಯ ಕಚೇರಿಯಲ್ಲಿ ಮೂವತ್ತೊಂದು ವರ್ಷದಿಂದ ಶಿಪಾಯಿ. ಶಿಪಾಯಿಗೆ ರಾವಸಾಹೇಬ ಎಂಬ ಹೆಸರೇ ಎಂದು ಪರಊರಿನವರು ನಗುತ್ತಾರೆ. ನಮ್ಮ ಕಡೆ ಕೂಸು ಹುಟ್ಟಿದ ಹನ್ನೆರಡನೇ ದಿನಕ್ಕೇ ಅದನ್ನು ಸಾಹೇಬನನ್ನಾಗಿ ಮಾಡಿಬಿಡುತ್ತಾರೆ, ನೌಕರಿ ಮುಂದೆ ಸಿಗಲಿ ಬಿಡಲಿ. ಆ ಹೆಸರಿನ ಮೇಲೆ ನನಗೆ ಎಂಥ ಜಂಬವಿತ್ತೆಂದರೆ, ಮಗಳು ಸಣ್ಣವಳಿದ್ದಾಗ ತೊಡೆಯ ಮೇಲೆ ಕೂರಿಸಿಕೊಂಡು ಹೇಳುತ್ತಿದ್ದೆ: "ಬರೇ 'ರಾವಸಾಹೇಬ, ಸಕ್ಕರಿ ಕಾರ್ಖಾನಿ' ಅಂತ ಬರದ್ರ ಸಾಕವಾ. ಅಡ್ಡಹೆಸರ ಬ್ಯಾಡ, ಪಿನ್ ನಂಬರ ಬ್ಯಾಡ, ಟಪಾಲ ಸೀದಾ ನಿಮ್ಮಪ್ಪನ ಕೈಗಿ ಬರತೈತಿ."

ಈ ಜೂನ್‌ನಲ್ಲಿ ಆ ಸಾಮ್ರಾಜ್ಯ ಮುಳುಗಿತು. ಮೈಸೂರಿನಿಂದ ಹೊಸ ಮ್ಯಾನೇಜರು ಬಂದರು, ಹೆಸರು ಸುಧೀಂದ್ರ ರಾವ್. ಎಲ್ಲರೂ ಅವರನ್ನು ರಾವ್ ಸಾಹೇಬರು ಎನ್ನತೊಡಗಿದರು. ಮೊದಲ ದಿನ ಟಪಾಲು ವಿಭಾಗದ ಶ್ರೇಣಿಕ ಎಂದಿನಂತೆ, "ರಾವಸಾಹೇಬ, ಚಾ ತಗೊಂಬರ್ರಿ!" ಎಂದು ಕೂಗಿದ. ಒಳಗಿನ ಕೋಣೆಯಿಂದ ಮ್ಯಾನೇಜರೇ ಗಾಬರಿಯಿಂದ ಎದ್ದು ಬಂದರು.

ಇನ್ನೊಂದು ಸಂಗತಿ ಹೇಳಿಬಿಡುತ್ತೇನೆ, ಮುಂದೆ ಯಾರೂ ಕೇಳಬಾರದು. ಮೇ ತಿಂಗಳಲ್ಲಿ ಮಗಳು ಉಜ್ವಲಾಳ ಮದುವೆ ಅಥಣಿಯಲ್ಲಾಯಿತು. ಅಳಿಯ ವಿಶಾಲ ಪಾಟೀಲ, ಒಳ್ಳೆಯ ಹುಡುಗ. ಅಕ್ಷತೆ ಬಿದ್ದ ಮೇಲೆ ಬೀಗರನ್ನು ಸನ್ಮಾನಿಸಲು ವೇದಿಕೆಗೆ ಕರೆದರು. ಮೈಕಿನವನು, "ವರನ ತಂದೆ, ಪ್ರಗತಿಪರ ದ್ರಾಕ್ಷಿ ಬೆಳೆಗಾರರು, ಶ್ರೀಮಾನ್ ಪಾಟೀಲರು!" ಎಂದ. ಚಪ್ಪಾಳೆ. ಆಮೇಲೆ ಚೀಟಿ ನೋಡಿ, "ವಧುವಿನ ತಂದೆ, ಶಿಪಾಯಿ ರಾವಸಾಹೇಬ!" ಎಂದ. ಮಂಟಪವೆಲ್ಲ ನಕ್ಕಿತು. ನಾನು ತಲೆಯ ಮೇಲಿನ ಫೇಟಾ ತೆಗೆದು ಖುರ್ಚಿಯ ಮೇಲಿಟ್ಟು, "ನನ್ನ ಮಾನ ಮಾರಾಟಕ್ಕಿಲ್ಲ!" ಎಂದು ಗರ್ಜಿಸಿ ಇಳಿದು ಬಂದೆ. ಮೈಕಿಲ್ಲದೆ ಹಿಂದಿನ ಸಾಲಿಗೂ ಮುಟ್ಟಿತು. ಊಟ ಮಾಡಲಿಲ್ಲ, ಮಗಳನ್ನು ಒಪ್ಪಿಸಿಕೊಡಲು ನಿಲ್ಲಲಿಲ್ಲ. ನಮ್ಮ ಕಡೆ ತಾಟಿನಲ್ಲಿ ಅಕ್ಕಿ ಹರವಿ ಗಂಡ ಉಂಗುರದಿಂದ ಹೆಂಡತಿಯ ಹೊಸ ಹೆಸರು ಬರೆಯುವ ಶಾಸ್ತ್ರವಿದೆ. ಅದನ್ನೂ ನೋಡಲಿಲ್ಲ. ಏನು ಬರೆದನೋ ಸೋನಾಬಾಯಿ ಹೇಳಲು ಬಂದಾಗಲೆಲ್ಲ ಕೈ ಎತ್ತಿ ತಡೆದಿದ್ದೇನೆ. ನನಗೆ ಅವಳು ಉಜ್ವಲಾ. ಅವರು ಬಂದು ಕ್ಷಮೆ ಕೇಳುವವರೆಗೆ ಅಥಣಿಯ ಮಾತು ನನ್ನ ಮನೆಯಲ್ಲಿಲ್ಲ.

ಪರದೆ!

ಅಕ್ಟೋಬರ್ 8, ಬುಧವಾರ

ಸಭಿಕರೇ, ಎರಡನೆಯ ಅಂಕ! ದೀಪಾವಳಿ ಸಮೀಪಿಸಿತು, ಕಾರ್ಖಾನೆಯ ಕಬ್ಬು ಅರೆಯುವ ಹಂಗಾಮೂ ಸಮೀಪಿಸಿತು. ಅಂದರೆ ಭೇಟವಸ್ತುಗಳ ಮೆರವಣಿಗೆ!

ಕಚೇರಿಯಲ್ಲಿ ಹಬ್ಬದ ಭೇಟವಸ್ತು ಕೊಡುವುದಕ್ಕೆ ಒಂದು ರೀತಿ ಉಂಟು. ಶಿಪಾಯಿಗೆ ಅರ್ಧ ಕಿಲೋ ಸೋನ್‌ಪಾಪಡಿ. ಕ್ಲಾರ್ಕಿಗೆ ಒಂದು ಕಿಲೋ ಪೇಢೆ. ಅಧಿಕಾರಿಗೆ ಗೋಡಂಬಿ, ಬಾದಾಮಿ. ದೊಡ್ಡ ಸಾಹೇಬರಿಗೆ ಮುಚ್ಚಿದ ಪೆಟ್ಟಿಗೆ. ಒಳಗೇನೆಂದು ಯಾರೂ ಕೇಳಬಾರದು. ಕೊಡುವವನು "ಏನಿಲ್ರಿ, ಹುಡುಗ್ರಿಗಿ" ಎನ್ನಬೇಕು. ತೆಗೆದುಕೊಳ್ಳುವವನು "ಯಾಕ್ರಿ ಇದೆಲ್ಲಾ" ಎನ್ನಬೇಕು, ಅನ್ನುತ್ತಲೇ ಅದನ್ನು ಕಾಲಿನಿಂದ ಟೇಬಲ್ಲಿನ ಕೆಳಗೆ ಸರಿಸಬೇಕು. ಕೊಟ್ಟವನು ನೋಡದ ಹಾಗೆ ಗೋಡೆಯ ಕ್ಯಾಲೆಂಡರ್ ಓದಬೇಕು.

ಇವತ್ತು ಶೇಡಬಾಳದ ಅಣ್ಣಾಸಾಬ ಬಂದ. ಕಬ್ಬು ಕಡಿಯುವ ಟೋಳಿಗಳ ಮುಕಾದಮ. ಬಗಲಲ್ಲಿ ಐದು ಕಿಲೋ ಒಣದ್ರಾಕ್ಷಿಯ ಪೆಟ್ಟಿಗೆ. ರಾವ್ ಸಾಹೇಬರ ಟೇಬಲ್ಲಿನ ಮೇಲಿಟ್ಟ.

"ಇದೇನ್ರೀ ಇದು?"

"ಏನಿಲ್ರಿ ಸಾಹೇಬ್ರ, ಹುಡುಗ್ರಿಗಿ ಮನೂಕ."

"ಯಾವ ಹುಡುಗರು? ನನಗೆ ಮದುವೆನೇ ಆಗಿಲ್ಲ."

ಅಣ್ಣಾಸಾಬ ಪೆಟ್ಟಿಗೆಯನ್ನು ಇನ್ನಷ್ಟು ಮುಂದೆ ಸರಿಸಿದ. "ಹಂಗಾರ ಮುಂದ ಆಗೂ ಹುಡುಗ್ರಿಗಿ ಇರ್ಲಿ ತಗೋರಿ!"

ಬಾಗಿಲಲ್ಲಿ ನಿಂತ ನನಗೆ ನಗೆ ತಡೆಯಲಾಗಲಿಲ್ಲ. ಗಂಟಲು ಕಿತ್ತು ಬಂದಂತಾಯಿತು. ಸಾಹೇಬರು ನಗಲಿಲ್ಲ. ಪೆಟ್ಟಿಗೆಯನ್ನು ಅಣ್ಣಾಸಾಬನ ಕೈಗೇ ಕೊಟ್ಟು, ಮಧ್ಯಾಹ್ನ ಒಂದು ಸುತ್ತೋಲೆ ಹೊರಡಿಸಿದರು. ಕಚೇರಿಯ ವಿಳಾಸಕ್ಕೆ ಯಾರ ಹೆಸರಿಗೆ ಯಾವ ಭೇಟವಸ್ತು ಬಂದರೂ ತೆರೆಯದೆ ವಾಪಸ್ಸು. ವಾಪಸ್ಸು ಕಳಿಸುವ ಜವಾಬ್ದಾರಿ ಶ್ರೀ ರಾವಸಾಹೇಬ, ಶಿಪಾಯಿ.

"ತೆರೆದು ನೋಡೋದು ಬೇಡ, ರಾವಸಾಹೇಬ್ರೇ," ಎಂದರು. "ತೆರೆದರೆ ಆಸೆ ಆಗುತ್ತೆ. ನನಗೂ ಆಗುತ್ತೆ."

ಮಹಾಜನರೇ, ಮೂವತ್ತೊಂದು ವರ್ಷ ಅರ್ಧ ಕಿಲೋ ಸೋನ್‌ಪಾಪಡಿ ತಿಂದವನ ಕೈಗೆ ಖಡ್ಗ ಬಂತು!

ಅಕ್ಟೋಬರ್ 10, ಶುಕ್ರವಾರ

ಎರಡು ಪೆಟ್ಟಿಗೆ ವಾಪಸ್ಸು. ಒಂದು ಗೋಡೆಗಡಿಯಾರ ವಾಪಸ್ಸು. ಮನೆಗೆ ಬಂದರೆ ಸೋನಾಬಾಯಿ ಚಹಾ ಕೊಡುತ್ತ, "ಆಫೀಸಿಗಿ ಟಪಾಲ ಏನರ ಬಂತೇನ್ರಿ?" ಎಂದಳು. ಮೂವತ್ತೊಂದು ವರ್ಷದಲ್ಲಿ ಅವಳು ಇದನ್ನು ಕೇಳಿದ್ದು ಇದೇ ಮೊದಲು. ಪಾಪ, ನನ್ನ ಹೊಸ ಅಧಿಕಾರದ ಸುದ್ದಿ ಅವಳಿಗೂ ಮುಟ್ಟಿರಬೇಕು.

ಅಕ್ಟೋಬರ್ 13, ಸೋಮವಾರ

ಸಭಿಕರೇ, ಇವತ್ತು ಯುದ್ಧ! ಕುರಿಯರ್‌ನವನು ಒಮ್ಮೆಲೇ ಐದು ಪಾರ್ಸಲ್ಲು ಒಗೆದು ಹೋದ. ನಾನು ಕೆಂಪು ಸ್ಕೆಚ್ ಪೆನ್ನು ತೆಗೆದುಕೊಂಡೆ. ಒಂದೊಂದರ ಮೇಲೂ ನಾಟಕದ ಬೋರ್ಡಿನ ಅಕ್ಷರದಲ್ಲಿ 'ಸ್ವೀಕರಿಸಿಲ್ಲ' ಎಂದು ಬರೆದೆ. ಬರೀ ಅಷ್ಟಾದರೆ ಬಾಗಿಲು ಮುಚ್ಚಿದ ಹಾಗೆ ಇರುತ್ತದೆ, ಡೈಲಾಗು ಬೇಡವೆ? ಬಾಯಲ್ಲಿ ಹೇಳಲು ಡಾಕ್ಟರ ಅಡ್ಡಿ. ಅದಕ್ಕೇ ಕೆಳಗೆ, ಅಡಿಗೆರೆ ಎಳೆದು, 'ಮಾನ ಮಾರಾಟಕ್ಕಿಲ್ಲ!' ಎಂದು ಸೇರಿಸಿದೆ. ಶ್ರೇಣಿಕ ನೋಡಿ ತಲೆದೂಗಿದ. ಸಾಹೇಬರು, "ಬರಹ ಚೆನ್ನಾಗಿದೆ," ಎಂದರು. ಮೀಸೆ ತಾನಾಗಿಯೇ ಮೇಲೆದ್ದಿತು.

ಐದನೆಯ ಪಾರ್ಸಲ್ಲಿನ ಹತ್ತಿರ ಮಾತ್ರ ಸ್ವಲ್ಪ ವಾದವಾಯಿತು. ಕಂದು ಕಾಗದ, ಮೇಲೆ ದಾರ ಬಿಗಿದು ಸುತ್ತಿದ ದುಂಡನೆಯ ಡಬ್ಬಿ. ಕುರಿಯರ್ ಅಂಗಡಿಯಲ್ಲಿ ಇಂಗ್ಲಿಷಿನಲ್ಲಿ ಟೈಪು ಮಾಡಿ ಅಂಟಿಸಿದ ಚೀಟಿ. ಯಾರಿಗೆ: ರಾವಸಾಹೇಬ, ಸಕ್ಕರೆ ಕಾರ್ಖಾನೆ, ಚಿಕ್ಕೋಡಿ. ಯಾರಿಂದ: ಸೌ. ಮನೀಷಾ ವಿ. ಪಾಟೀಲ, ಅಥಣಿ.

ಶ್ರೇಣಿಕ ಕನ್ನಡಕ ಏರಿಸಿದ. "ಕಾಕಾ, ಇದು ನಿಮ್ದ ಇರ್ಬೇಕ ನೋಡ್ರಿ. ಎರಡೂ ಕೂಡಿಸಿ ಬರದಾರ. ಸಾಹೇಬ್ರದಾದ್ರ ರಾವ್ ಬ್ಯಾರೆ, ಸಾಹೇಬ ಬ್ಯಾರೆ ಇರತೈತಿ."

"ನನಗ್ಯಾರ ಕಳಸ್ತಾರೋ ಪಾರ್ಸಲ? ಅಥಣ್ಯಾಗ ನನಗ ಯಾರೂ ಇಲ್ಲ."

ಅವನು ಮದುವೆಗೆ ಬಂದಿದ್ದವನು. ತಲೆ ತಗ್ಗಿಸಿದ. "ಹಂಗ್ಯಾಕ ಅಂತೀರಿ ಕಾಕಾ... ಮತ್ತ ಪಾಟೀಲ ಅಂತ ಐತಿ."

"ಅಥಣ್ಯಾಗ 'ಪಾಟೀಲ್ರ' ಅಂತ ಒದರಿದ್ರ ಅರ್ಧಾ ಪ್ಯಾಟಿ ತಿರಗಿ ನೋಡತೈತಿ. ಮನೀಷಾ ಅನ್ನಾಕಿ ಯಾಕೀನೂ ನನಗ ಗೊತ್ತಿಲ್ಲ."

ಸಾಹೇಬರ ಮುಂದೆ ಒಯ್ದು ಇಟ್ಟೆ. "ಯಾರಿದು ಮನೀಷಾ ಪಾಟೀಲ್?" ಎಂದರು.

"ಯಾವನರ ಗುತ್ತೇದಾರನ ಹೇಂತಿ ಇರಬೇಕ್ರಿ. ಈಗೀಗ ಹೆಂಡ್ರ ಹೆಸರಲೆ ಕಳಸ್ತಾರ್ರಿ."

ಅವರು ಡಬ್ಬಿಯನ್ನು ಎತ್ತಿ ಮೆಲ್ಲಗೆ ಅಲುಗಿಸಿದರು. ಒಳಗೆ ಕಟಕಟ ಎಂದಿತು. ಎಣ್ಣೆಯ, ಓಂಕಾಳಿನ ವಾಸನೆ ಕಾಗದ ದಾಟಿ ಬರುತ್ತಿತ್ತು. ಸುಳ್ಳು ಯಾಕೆ ಹೇಳಲಿ, ನನ್ನ ಬಾಯಲ್ಲೂ ನೀರೂರಿತು.

"ಮನೇಲಿ ಮಾಡಿದ್ದು ಅನ್ಸುತ್ತೆ," ಎಂದರು. ಬಹಳ ಹೊತ್ತು ಕೆಳಗಿಡಲಿಲ್ಲ. "ಇದನ್ನೊಂದು..."

"ತಿನ್ನೂದ್ರಿಂದನ ಸುರು ಆಗೂದ್ರಿ ಸಾಹೇಬ್ರ," ಎಂದೆ. "ಇವತ್ತ ಚಕ್ಲಿ, ನಾಳಿ ಗಡಿಯಾರ."

ಅವರಿಗೆ ನಾಚಿಕೆಯಾಯಿತು. ಡಬ್ಬಿ ನನ್ನ ಕೈಗೆ ಕೊಟ್ಟರು. ಉಳಿದ ನಾಲ್ಕಕ್ಕಿಂತ ದೊಡ್ಡ ಅಕ್ಷರದಲ್ಲಿ ಬರೆದೆ. ಡಬ್ಬಿ ದುಂಡಗಿತ್ತಲ್ಲ, 'ಮಾನ ಮಾರಾಟಕ್ಕಿಲ್ಲ' ಎಂಬುದು ಒಂದು ಸುತ್ತು ಬಂದು ಮತ್ತೆ ಶುರುವಾದಲ್ಲಿಗೇ ಮುಟ್ಟಿತು. ಚಪ್ಪಾಳೆ!

ಅಕ್ಟೋಬರ್ 15, ಬುಧವಾರ

ಕೇರಿಯ ಎಲ್ಲ ಮನೆಗಳಿಂದ ಕರಿದ ವಾಸನೆ. ನಮ್ಮ ಮನೆಯಿಂದ ಇಲ್ಲ. ಬಾಣಲೆ ಗೋಡೆಗೇ ತೂಗುತ್ತಿದೆ.

"ಹಬ್ಬದ ಫರಾಳ ಮಾಡೂದಿಲ್ಲೇನ?" ಎಂದೆ.

"ಯಾರಿಗಿ ಮಾಡ್ಲಿ? ಚಕ್ಲಿ ಒತ್ತೂ ಅಚ್ಚ ನಿಮ್ಮ ಮಗಳ ಸಂಗಾಟ ಅಥಣಿಗಿ ಹೋಗೈತಿ." ನನ್ನ ಕೈಚೀಲ ನೋಡಿ, "ಇವತ್ತರ ಟಪಾಲ ಬಂತೇನ್ರಿ?" ಎಂದಳು.

"ಏನ ಬರೂದೈತಿ? ದಿನಾ ಕೇಳಾಕತ್ತೀಯಲ್ಲ."

"ಏನಿಲ್ಲ ಬಿಡ್ರಿ." ಮತ್ತೆ, "ಮೊದಲನೇ ದಿವಾಳಿ. ಮಗಳ್ನ, ಅಳಿಯನ್ನ ಕರೀಬೇಕು. ಊರಾಗಿನ ಮಂದಿ ಎಲ್ಲಾ ಕರದಾರ. ಬಾಜೂಮನಿ ಭೀಮಾಬಾಯಿ ಮಗಳ ನಿನ್ನೇನ ಬಂದ ಕುಂತಾಳ, ಅಂಗಳದಾಗ ಅಳಿಯ ಹಲ್ಲ ತಿಕ್ಕಾಕತ್ತಿದ್ದ. ನೋಡಾಕಾಗಲಿಲ್ಲ ನನಗ."

"ಬೀಗರ ಬಂದ ಕ್ಷಮಾ ಕೇಳ್ಲಿ, ಕರೀತೇನಿ."

"ಆ ಮೈಕಿನಾಂವ ಬೀಗರ ಪೈಕಿ ಅಲ್ರಿ, ಪೆಂಡಾಲಿನಾಂವ. ಚೀಟಿ ಬರದ ಕೊಟ್ಟಾಂವ ನಮ್ಮ ವಿಶ್ವಾಸ."

ವಿಶ್ವಾಸ ನನ್ನ ಸ್ವಂತ ತಮ್ಮ. ಇದು ನನಗೆ ಗೊತ್ತಿರಲಿಲ್ಲ. ಗೊತ್ತಾಗಿಯೂ ಏನಾಯಿತು? ನಕ್ಕವರು ಯಾರು? ಅವರ ಪೈಕಿಯವರೇ ಅಲ್ಲವೆ? ಎಂದು ಹೇಳಬೇಕೆಂದಿದ್ದೆ. ಗಂಟಲು ಕೆರೆಯಿತು. ಬಿಟ್ಟೆ.

ಅಕ್ಟೋಬರ್ 17, ಶುಕ್ರವಾರ

ಆ ಡಬ್ಬಿ ನನ್ನದಾಗಿತ್ತು.

ಇವತ್ತು ಇಷ್ಟೇ.

ಅಕ್ಟೋಬರ್ 18, ಶನಿವಾರ

ನಿನ್ನೆ ಬರೆಯಲಾಗಲಿಲ್ಲ. ಇವತ್ತು ಆದದ್ದು ಆದ ಹಾಗೆ ಬರೆಯುತ್ತೇನೆ.

ಸಂಜೆ ಮನೆಗೆ ಬಂದಾಗ ಸೋನಾಬಾಯಿ ಹೊಸ್ತಿಲ ಮೇಲೆ ಮೊಬೈಲು ಹಿಡಿದು ಕೂತಿದ್ದಳು. ಚಹಾಕ್ಕೆ ಇಟ್ಟಿರಲಿಲ್ಲ.

"ಆ ಡಬ್ಬಿ ಮ್ಯಾಲ ಏನ ಬರದ್ರಿ?" ಎಂದಳು.

"ಯಾವ ಡಬ್ಬಿ?"

"ಮನೀಷಾ ಕಳಿಸಿದ ಡಬ್ಬಿ."

"ಯಾವ ಮನೀಷಾ?"

ಅವಳು ನನ್ನ ಮುಖ ನೋಡಿದಳು. ಸಿಟ್ಟಿರಲಿಲ್ಲ. ಜ್ವರ ಬಂದ ಕೂಸನ್ನು ನೋಡುವ ಹಾಗೆ ನೋಡಿದಳು.

"ನಿಮ್ಮ ಮಗಳ್ರಿ. ಉಜ್ವಲಾ. ಅಕ್ಕ್ಯಾಗ ಗಂಡ ಬರದ ಹೆಸರ ಮನೀಷಾ. ಐದ ತಿಂಗಳಾತ ಹೇಳಬೇಕಂತ ಬಂದ್ರ ಕೈ ಅಡ್ಡ ಹಿಡೀತೀರಿ."

ನಾನು ಅಲ್ಲೇ ಕಟ್ಟೆಯ ಮೇಲೆ ಕೂತೆ. ಆಮೇಲೆ ಅವಳು ಹೇಳುತ್ತ ಹೋದಳು, ನಾನು ಕೇಳುತ್ತ ಹೋದೆ.

ಉಜ್ವಲಾ ಅತ್ತೆಯ ಮನೆಯಲ್ಲಿ ಮೊದಲ ಸಲ ತಾನೊಬ್ಬಳೇ ಚಕ್ಕಲಿ ಮಾಡಿದ್ದಳಂತೆ. ಮೊದಲ ಸಲದವು ಕರಕಾದವು, ಎರಡನೆಯ ಸಲದವು ಎಣ್ಣೆಯಲ್ಲಿ ಬಿಟ್ಟುಕೊಂಡವು. ಮೂರನೆಯ ಸಲದ್ದು ಸರಿಯಾದಾಗ ಬೇರೆ ಯಾರಿಗೂ ಕೊಡದೆ ಮೊದಲು ನನಗೆ ಎಂದು ಡಬ್ಬಿಗೆ ತುಂಬಿದಳು. ಮನೆಗೆ ಯಾಕೆ ಕಳಿಸಲಿಲ್ಲ ಎಂದು ಕೇಳಿದೆ.

"ನಾನೂ ಅದನ್ನ ಕೇಳೀನ್ರಿ. ಮನಿಗಿ ಕಳಿಸಿದ್ರ ನೀ ಇಸ್ಕೊಂಡ ಅಡಗಿಸಿ ಇಡ್ತಿ ಅವ್ವಾ, ಅಂದ್ಲು. ಆಫೀಸಿಗಿ ಹೋದ್ರ ಅಪ್ಪ ಎಲ್ಲಾರ ಮುಂದ ಒಡೀತಾನ, ನನ್ನ ಮಗಳ ಕಳಿಸ್ಯಾಳ ಅಂತ ಒದರಿ ಹಂಚತಾನ, ಅಪ್ಪಗ ಮಂದಿ ಬೇಕ, ಅಂದ್ಲು. ನಾ ಮೊದ್ಲ ಹೇಳಬಾರದಂತ ಆಣಿ ಹಾಕಿಸ್ಕೊಂಡ್ಲು. ಅದಕ್ಕ ದಿನಾ ಕೇಳತಿದ್ದೆ."

"ಅಡ್ಡಹೆಸರ ಯಾಕ ಬರೀಲಿಲ್ಲ?"

"ನೀವ ಹೇಳಿದ್ರಲ್ಲ, ಬ್ಯಾಡ ಅಂತ."

ಡಬ್ಬಿ ಗುರುವಾರ ವಾಪಸ್ಸು ಮುಟ್ಟಿದೆ. ಬಾಗಿಲಲ್ಲಿ ಇಸಿದುಕೊಂಡವಳು ಉಜ್ವಲಾಳೇ. ಅತ್ತೆ ಹಿಂದೆಯೇ ನಿಂತಿದ್ದರಂತೆ. ಅಕ್ಷರ ಯಾರದೆಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ಪಾಟಿಯ ಮೇಲೆ ಅವಳ ಕೈ ಹಿಡಿದು ತಿದ್ದಿಸಿದವನು ನಾನು. ನನ್ನ ಮಕಾರದ ಬಾಲ ಹೇಗೆ ಸುತ್ತುತ್ತದೆಂದು ಅವಳಿಗೆ ಗೊತ್ತು. ಮಂಟಪದಲ್ಲಿ ಕೇಳಿದ ಮಾತನ್ನೇ ಅವಳು ಮತ್ತೆ ಡಬ್ಬಿ ತಿರುಗಿಸಿ ತಿರುಗಿಸಿ ಓದಿದಳು. ಅತ್ತೆ, ಏನದು ಎಂದಾಗ, "ಪತ್ತಾ ತಪ್ಪಿ ವಾಪಸ್ ಬಂದೈತ್ರಿ ಅತ್ತಿ," ಎಂದು ಸೆರಗು ಮುಚ್ಚಿ ಒಳಗೊಯ್ದಳಂತೆ. ಅಟ್ಟದ ಮೇಲೆ ಇಟ್ಟಿದ್ದಾಳೆ. ತೆರೆದಿಲ್ಲ. ವಿಶಾಲ ತೆರೆಯಲು ಹೋದರೆ ಕೈ ಹಿಡಿದಳಂತೆ.

ನನ್ನ ಮಾನ ಹೋಗಬಾರದೆಂದು ಅತ್ತೆಯ ಮುಂದೆ ಸುಳ್ಳು ಹೇಳಿದ್ದಾಳೆ.

"ನಾ ಅಕಿಗಿ ಬರದದ್ದಲ್ಲ," ಎಂದೆ.

"ನನಗ ಗೊತ್ತೈತ್ರಿ."

"ಅಕಿಗಿ ಹೇಳಿದಿ?"

"ನಾ ಯಾಕ ಹೇಳ್ಲಿ? ಬರದವ್ರ ಹೇಳ್ಬೇಕು."

ಫೋನು ಹಚ್ಚಿ ಕೊಟ್ಟಳು. ನಾಲ್ಕು ಸಲ ರಿಂಗಾಯಿತು. "ಹಲೋ, ಅವ್ವಾ? ಊಟಾತ? ... ಅವ್ವಾ?" ಎಂದಿತು ದನಿ. ಡಾಕ್ಟರು ಬೇಡವೆಂದದ್ದು ಜೋರಾಗಿ ಮಾತಾಡುವುದು. ನನಗೆ ಮೆಲ್ಲಗೂ ಬರಲಿಲ್ಲ. ಸೋನಾಬಾಯಿಯ ಕೈಗೆ ಕೊಟ್ಟು ಹಿತ್ತಲಿಗೆ ಹೋಗಿ ನಿಂತೆ.

ಅಕ್ಟೋಬರ್ 20, ಸೋಮವಾರ

ಬೆಳಗ್ಗೆ ಅಭ್ಯಂಗಸ್ನಾನವಾಯಿತು. ಸೋನಾಬಾಯಿ ಆರತಿ ಮಾಡಿದಳು. ಇಬ್ಬರೇ.

ಇಂದು ಅರ್ಧ ದಿನ ಕಚೇರಿ. ಸಾಹೇಬರ ಕೋಣೆಗೆ ಹೋಗಿ, ಬುಧವಾರ ಹಬ್ಬದ ರಜೆ ಹೇಗೂ ಇದೆ, ಮುಂದೆ ಎರಡು ದಿನ ಹೆಚ್ಚಿಗೆ ಬೇಕು ಎಂದೆ. ಯಾಕೆಂದು ಕೇಳಿದರು. ನಿಂತುಕೊಂಡೇ ಎಲ್ಲ ಹೇಳಿದೆ. ಹೇಳಿ ಮುಗಿಸುವಷ್ಟರಲ್ಲಿ ಅವರು ಎದ್ದು ನಿಂತಿದ್ದರು.

"ಅವತ್ತು ಕೈಯಲ್ಲಿ ಹಿಡ್ಕೊಂಡಾಗಲೇ ಅನ್ನಿಸಿತ್ತು ರಾವಸಾಹೇಬ್ರೇ. ನಮ್ಮಮ್ಮ ಹಾಸ್ಟೆಲ್ಲಿಗೆ ಕಳಿಸೋವಾಗ ಹೀಗೇ ಉಸಿರು ಕಟ್ಟೋ ಹಾಗೆ ದಾರ ಬಿಗೀತಿದ್ರು. ಕತ್ತರಿ ಇಲ್ಲದೆ ಬಿಚ್ಚೋಕಾಗ್ತಿರಲಿಲ್ಲ." ಕನ್ನಡಕ ತೆಗೆದು ಒರೆಸಿದರು. "ನಾನು ಒಂದು ಫೋನ್ ಮಾಡಿ ಕೇಳಬಹುದಿತ್ತು. ಕೇಳಲಿಲ್ಲ."

"ತಪ್ಪ ನಂದ್ರಿ. ನೀವ ಇಟ್ಕೋತಿದ್ರಿ, ನಾ ಬಿಡಲಿಲ್ಲ."

"ನನ್ನ ಕಾರಿದೆ, ಹೋಗೋಣ. ನಾನೇ ಬಂದು ನಿಮ್ಮ ಮಗಳಿಗೆ ಹೇಳ್ತೀನಿ, ಸುತ್ತೋಲೆ ನಂದು ಅಂತ."

"ಬ್ಯಾಡ್ರಿ ಸಾಹೇಬ್ರ. ನಿಮ್ಮ ಕಾರಿನಾಗ ಹೋದ್ರ ಬಾಗಲಾ ತಗಿಯಾಕ ನಾನ ಮೊದ್ಲ ಇಳೀತೇನಿ. ಅಲ್ಲೂ ಶಿಪಾಯಿನ ಆಗ್ತೇನಿ. ಅಪ್ಪ ಆಗಿ ಹೋಗ್ಬೇಕಾಗೇತಿ."

ಅವರು ನಕ್ಕರು, ನಾನೂ ನಕ್ಕೆ. ರಜೆಯ ಅರ್ಜಿಗೆ ಸಹಿ ಹಾಕಿದರು. ಆಮೇಲೆ ಹಳೆಯ ಸುತ್ತೋಲೆ ತರಿಸಿ, ಕೆಳಗೆ ಪೆನ್ನಿನಿಂದ ಒಂದು ಸಾಲು ಸೇರಿಸಿದರು: 'ಸಂಶಯ ಬಂದಲ್ಲಿ ಕಳಿಸಿದವರನ್ನು ಫೋನಿನಲ್ಲಿ ಕೇಳತಕ್ಕದ್ದು.' ಅದನ್ನು ಬೋರ್ಡಿಗೆ ಹಚ್ಚಲು ನನ್ನ ಕೈಗೆ ಕೊಟ್ಟು, "ನೀವೇ ದೊಡ್ಡದಾಗಿ ಬರೀರಿ," ಎಂದರು. ನಾನು ಸಣ್ಣದಾಗಿಯೇ ಬರೆದೆ, ಓದಲು ಬರುವಷ್ಟು.

ಹೊರಡುವಾಗ ಬಾಗಿಲ ತನಕ ಬಂದು ಕೇಳಿದರು: "ನಿಮ್ಮ ಕಡೆ ಹಬ್ಬಕ್ಕೆ ಒಬ್ಬರೇ ಇರೋರು ಏನು ಮಾಡ್ತಾರೆ?"

ನಾಲ್ಕೈದು ತಿಂಗಳಿಂದ ಅವರ ಚಹಾ ಒಯ್ಯುತ್ತಿದ್ದೇನೆ. ಹಬ್ಬದ ದಿನ ಅವರು ಎಲ್ಲಿ ಉಣ್ಣುತ್ತಾರೆಂದು ನನ್ನ ತಲೆಗೇ ಹೊಳೆದಿರಲಿಲ್ಲ. "ಒಬ್ರ ಇರಾಕ ಬಿಡೂದಿಲ್ರಿ," ಎಂದೆ. "ನಾಳಿ ಸಂಜೀಕ ನಮ್ಮ ಮನ್ಯಾಗ ಪೂಜಾ ಐತಿ, ಬರ್ರಿ. ಬರೂಮುಂದ ಏನೂ ತರಬ್ಯಾಡ್ರಿ."

ಅಕ್ಟೋಬರ್ 21, ಮಂಗಳವಾರ

ಮಧ್ಯಾಹ್ನ ಶ್ರೇಣಿಕ ನನ್ನನ್ನು ಪೇಟೆಗೆ ಎಳೆದುಕೊಂಡು ಹೋದ. "ಮೊದಲನೇ ದಿವಾಳಿಗಿ ಕರಿಯಾಕ ಹೊಂಟೀರಿ. ಅಳಿಯಗ ಅರಬಿ, ಮಗಳಿಗಿ ಸೀರಿ, ಬೀಗರಿಗಿ ಟಾವೆಲ್ ಟೋಪಿ. ರೀತಿ ಅಂದ್ರ ರೀತಿ ಕಾಕಾ." ಅಂಗಡಿಯಲ್ಲಿ ಕೂತು ಹದಿನೈದು ಸೀರೆ ಬಿಡಿಸಿ ನೋಡಿದೆ. ಹಸಿರು ಅಂಚಿನದೊಂದು ಕೈಗೂ ಬಂತು. ಮತ್ತೆ ಮಡಚಿ ಇಟ್ಟೆ.

"ಯಾಕ್ರಿ, ಮನಸ್ಸಿಗಿ ಬರಲಿಲ್ಲ?"

"ಬಂತಪಾ. ಆದ್ರ ಇದನ್ನ ಹಿಡಕೊಂಡ ಹೋದ್ರ ನಾ ಕೊಡಾಕ ಬಂದಾಂವ ಆಗ್ತೇನಿ. ಅಕಿ ಸೀರಿ ನೋಡಿ ಸುಮ್ಮನ ಆಗಿಬಿಡ್ತಾಳ. ನಾ ಹೊಂಟಿದ್ದ ಇಸ್ಕೊಳ್ಳಾಕ. ಸೀರಿ ಅಕಿ ಇಲ್ಲಿಗಿ ಬಂದ ಮ್ಯಾಲ, ಅಕೀನ ಕರ್ಕೊಂಡ ಬಂದ ಕೊಡಿಸ್ತೇನಿ."

ಶ್ರೇಣಿಕ ಅಂಗಡಿಯವನಿಗೆ, "ಹಸರ ಅಂಚಿಂದ ತಗದ ಇಡ್ರಿ," ಎಂದ.

ಸಂಜೆ ಪೂಜೆಗೆ ರಾವ್ ಸಾಹೇಬರು ಬಂದರು. ಹೇಳಿದ ಹಾಗೆ ಕೈಬೀಸಿಕೊಂಡೇ ಬಂದು, ಕೈ ಎಲ್ಲಿಡಬೇಕೆಂದು ತಿಳಿಯದೆ ಜೇಬಿನಲ್ಲಿಟ್ಟರು, ತೆಗೆದರು, ಕಟ್ಟಿಕೊಂಡರು. ಸೋನಾಬಾಯಿ ತಾಟು ಇಟ್ಟಳು: ಭೀಮಾಬಾಯಿಯ ಮನೆಯಿಂದ ಬಂದ ಶಂಕರಪಾಳಿ, ಶ್ರೇಣಿಕನ ಮನೆಯ ಲಾಡು, ತಾನು ಇವತ್ತೇ ಮಾಡಿದ ಅವಲಕ್ಕಿ ಚೂಡಾ.

"ಯಾಕ್ರೀ ಇದೆಲ್ಲ," ಎಂದರು ಸಾಹೇಬರು. ನಾಲ್ಕೈದು ತಿಂಗಳಲ್ಲಿ ಅಷ್ಟು ಕಲಿತಿದ್ದಾರೆ.

"ಏನಿಲ್ರಿ, ಹುಡುಗ್ರಿಗಿ," ಎಂದಳು ಸೋನಾಬಾಯಿ, ಅವರ ಮುಂದೆಯೇ ತಾಟು ಸರಿಸುತ್ತ. "ನಮ್ಮ ಮನ್ಯಾಗ ಸದ್ಯ ನೀವ ಹುಡುಗ್ರು."

ಅವರು ತಾಟಿನ ಒಂದು ಕಾಳೂ ಬಿಡಲಿಲ್ಲ. ಹೋಗುವಾಗ ಸೋನಾಬಾಯಿಗೆ ಬಗ್ಗಿ ನಮಸ್ಕಾರ ಮಾಡಿದರು.

ಈಗ ಅವಳು ಒಳಗೆ ಹಿಟ್ಟು ಸೋಸುತ್ತಿದ್ದಾಳೆ. ನೀನೂ ಬಾ ಎಂದರೆ ಬರುವುದಿಲ್ಲ ಎನ್ನುತ್ತಾಳೆ. "ನೀವ ಕರ್ಕೊಂಡ ಬರ್ರಿ. ನಾ ಎಣ್ಣಿ ಕಾಯಾಕ ಇಟ್ಟಿರ್ತೇನಿ." ಬರದಿದ್ದರೆ ಎಂದು ನಾನು ಕೇಳಲಿಲ್ಲ. ಗಡಿಯಾರದ ಸಪ್ಪಳ ಕೇಳುತ್ತಿದೆ.

ನಾಳೆ ಪಾಡ್ಯ. ಮುಂಜಾನೆ ಆರೂಕಾಲಿಗೆ ಕಾಗವಾಡದ ಮೇಲೆ ಹೋಗುವ ಅಥಣಿ ಬಸ್ಸಿದೆ, ಅದಕ್ಕೆ ಹೋಗುತ್ತೇನೆ. ಬೀಗರ ಮನೆಯ ಓಣಿ ಸರಿಯಾಗಿ ನೆನಪಿಲ್ಲ, ಕೇಳುತ್ತ ಹೋಗುತ್ತೇನೆ. ಬಾಗಿಲು ತೆರೆದವರಿಗೆ ನಮಸ್ಕಾರ ಹೇಳಿ ಮೊದಲು ಕುಡಿಯಲು ನೀರು ಕೇಳುತ್ತೇನೆ. ಯಾರು ತಂದುಕೊಟ್ಟರೂ ಎರಡೂ ಕೈಯಿಂದ ಇಸಿದುಕೊಂಡು, ನಿಂತಲ್ಲೇ ಕುಡಿಯುತ್ತೇನೆ. ಆಮೇಲೆ, ಆ ಡಬ್ಬಿಯನ್ನು ಅಟ್ಟದಿಂದ ಇಳಿಸಿ ಕೊಡುತ್ತೀಯಾ ಎಂದು ಮನೀಷಾಳನ್ನು ಕೇಳುತ್ತೇನೆ.